ಸೋಂಕಿಲ್ಲದವರಿಗೆ ಡಾಕ್ಟರಿಲ್ಲ

ಮಾರ್ಚ್ 9, ಸಂಜೆ 6.10. ವಿದೇಶದಲ್ಲಿ ನಾನಿರುವ ಊರಿನ ವಿಮಾನ ನಿಲ್ದಾಣದ ಆರೋಗ್ಯ ತಪಾಸಣೆ ಕೋಣೆಯಲ್ಲಿ ನಾನು ದುಭಾಷಿಯಾಗಿದ್ದ ಹನ್ನೊಂದು ದಿನಗಳಲ್ಲಿ ಅಲ್ಲಿನ ವೈದ್ಯಾಧಿಕಾರಿ “ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲ” ಎಂದದ್ದು ನಲವತ್ತಮೂರು ಸಲ. ಪ್ರತಿ ಸಲವೂ ಪೆನ್ನಿಗೆ ಟಕ್ಕೆಂದು ಮುಚ್ಚಳ ಹಾಕುತ್ತಿದ್ದರು.

ಕೊನೆಯ ದಿನ, ಸ್ಟಾಕ್‌ಪೋರ್ಟಿನ ಮಗಳ ಮನೆಗೆಂದು ಉಡುಪಿಯಿಂದ ಬಂದಿದ್ದ ಅಜ್ಜಿಯೊಬ್ಬರನ್ನು ಕರೆತಂದರು. ಶುಗರ್ ಇಳಿದು ಬೆವರುತ್ತಿದ್ದರು, ಕೈ ನಡುಗುತ್ತಿತ್ತು. ಅಧಿಕಾರಿ ಜ್ವರ ನೋಡಿ, “ಸೋಂಕಿಲ್ಲ. ಚಿಕಿತ್ಸೆ ನನ್ನ ವ್ಯಾಪ್ತಿಯಲ್ಲ, ಮಗಳ ಮನೆ ಹತ್ತಿರದ ಜಿಪಿ ಡಾಕ್ಟರ ಬಳಿ ಹೋಗಲಿ” ಎಂದು ತಮ್ಮ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು.

ಅದನ್ನು ಕನ್ನಡದಲ್ಲಿ ಹೇಳಿದೆ. “ಇವರು ಡಾಕ್ಟರೋ, ಗೇಟು ಕಾಯುವವರೋ ಮಾರಾಯ್ತಿ?” ಎಂದರು ಅಜ್ಜಿ.

ಅಧಿಕಾರಿಯ ತಟ್ಟೆಯಿಂದಲೇ ಮೂರು ಬಿಸ್ಕತ್ತು ಎತ್ತಿ ಅಜ್ಜಿಗೆ ತಿನ್ನಿಸಿದೆ. ಹದಿನೈದು ನಿಮಿಷದಲ್ಲಿ ನಡುಕ ನಿಂತಿತು. ಅಷ್ಟರಲ್ಲಿ ಅಧಿಕಾರಿ ನನ್ನ ಮೇಲೆ ದೂರು ಬರೆದು ಮುಗಿಸಿದ್ದರು. ಕೆಲಸ ಹೋಯಿತು.

ಕಣ್ಣೆದುರು ಕುಸಿಯುತ್ತಿರುವವರಿಗೆ ಡಾಕ್ಟರು ಬಿಸ್ಕತ್ತು ಕೊಡಬಾರದೆಂಬ ಕಾನೂನು ಎಲ್ಲಾದರೂ ಇದ್ದರೆ, ಬಲ್ಲವರು ದಯವಿಟ್ಟು ನನಗೆ ಬರೆದು ತಿಳಿಸಿ.