ಅಕ್ಕನ ಮನೆಯ ಡಾಂಬರು ಮಾಳಿಗೆ

ಸಿಂಧನೂರಿನ ನಮ್ಮ ಓಣಿಯಲ್ಲಿ ಇವತ್ತು ಬೆಳಗಿನಿಂದ ರಸ್ತೆಗೆ ಡಾಂಬರು ಕಾಯಿಸುತ್ತಿದ್ದಾರೆ. ಸೊಸೆ ಮೂಗಿಗೆ ಸೆರಗು ಹಿಡಿದುಕೊಂಡು ಒಂದೊಂದೇ ಕಿಟಕಿ ಮುಚ್ಚುತ್ತ ಬಂದಳು. ನನ್ನದೊಂದನ್ನು ಬಿಡು ಎಂದೆ. ಮುದುಕನಿಗೆ ಆ ವಾಸನೆ ಹಿಡಿಸುತ್ತದೆ ಎಂದು ಆಕೆ ತಿಳಿದಿರಬೇಕು. ಹಿಡಿಸುವುದಿಲ್ಲ. ಆದರೆ ನೋಡಿ, ಕೆಲವು ವಾಸನೆಗಳು ಬೀಗರಿದ್ದಂತೆ. ಹಿಡಿಸಲಿ ಬಿಡಲಿ, ಬಾಗಿಲಿಗೆ ಬಂದಾಗ ಮುಖದ ಮೇಲೆ ಕದ ಹಾಕಲಾಗುವುದಿಲ್ಲ.

ನಿಜಾಮರ ಕಾಲದಲ್ಲಿ ನಾನು ಲಿಂಗಸುಗೂರಿನಲ್ಲಿ ತಾಮೀರಾತ್ ದಾರೋಗಾ ಆಗಿದ್ದೆ. ತಾಮೀರಾತ್ ಅಂದರೆ ರಸ್ತೆ, ಸೇತುವೆ, ಸರ್ಕಾರಿ ಕಟ್ಟಡಗಳ ಇಲಾಖೆ. ದಾರೋಗಾ ಅಂದರೆ ಏನೋ ದೊಡ್ಡದು ಎಂದುಕೊಳ್ಳಬೇಡಿ. ಕೂಲಿಯವರ ಹಾಜರಿ ಬರೆಯುವುದು, ಜಲ್ಲಿ ಅಳೆಯುವುದು, ಮೇಲಿನ ಸಾಹೇಬರು ಬಂದಾಗ ಶೇರ್ವಾನಿಯ ಗುಂಡಿ ಹಾಕಿಕೊಂಡು ಬಿಸಿಲಲ್ಲಿ ನಿಲ್ಲುವುದು, ಇಷ್ಟೇ. ಒಂದು ಬೇಸಿಗೆ ಅಲ್ಲಿನ, ಪ್ರಯಾಣಿಕರು ತಂಗುವ ಮುಸಾಫಿರಖಾನೆಯ ಮಾಳಿಗೆಗೆ ಡಾಂಬರು ಬಳಿಯಲು ಹುಕುಂ ಬಂತು. ಹೈದರಾಬಾದಿನಿಂದ ಒಬ್ಬ ಮಿಸ್ತ್ರಿ ಬಂದು ಎಂಟು ದಿನ ಕೆಲಸ ಮಾಡಿದ. ಆ ಎಂಟು ದಿನವೂ ನಾನು ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ನೋಡಿದೆ. ಒಂಬತ್ತನೆಯ ದಿನಕ್ಕೆ ಆ ವಿದ್ಯೆಯಲ್ಲಿ ನಾನು ಪಂಡಿತನಾಗಿದ್ದೆ.

ಮಸ್ಕಿಯಲ್ಲಿ ನನ್ನ ಅಕ್ಕ ಗೌರಮ್ಮನ ಗಂಡನ ಮನೆ. ಅಪ್ಪ ಅವ್ವ ನಾವು ಸಣ್ಣವರಿದ್ದಾಗಲೇ ಹೋಗಿದ್ದರು. ಅಕ್ಕನಿಗೆ ತವರು ಅಂದರೆ ಲಿಂಗಸುಗೂರಿನ ನನ್ನ ಒಂದಂಕಣದ ಬಾಡಿಗೆ ಮನೆ. ನಾಗರ ಪಂಚಮಿಗೆ ನಾನು ಹೋಗಿ ಕರೆತರುತ್ತಿದ್ದೆ. ಹಬ್ಬದ ಉಂಡಿ ಆಕೆಯೇ ಕಟ್ಟಬೇಕು, ನಾನು ಬೇವಿನ ಮರಕ್ಕೆ ಜೋಕಾಲಿ ಕಟ್ಟಬೇಕು. ಅಡಿಗೆಯವಳೂ ಆಕೆಯೇ, ಅತಿಥಿಯೂ ಆಕೆಯೇ. ಆದರೂ ಮೂರು ದಿನ ಜೋಕಾಲಿಯ ಮೇಲೆ ಕೂತು ತನ್ನ ಅತ್ತೆಯ ಸುದ್ದಿ ಹೇಳಿ ನಗುವಾಗ ಆಕೆ ಹದಿನಾಲ್ಕರ ಹುಡುಗಿಯಂತೆ ಕಾಣುತ್ತಿದ್ದಳು.

ಅತ್ತೆಯ ಹೆಸರು ನೀಲವ್ವ. ಲಿಂಗಪೂಜೆ ಮುಗಿಯದೆ ಹನಿ ನೀರು ಮುಟ್ಟದ ಹೆಂಗಸು, ಮಾತು ಬಹಳ ಕಡಿಮೆ. ಆ ಮನೆಯದು ಎಲ್ಲರ ಮನೆಯಂತೆ ಮಣ್ಣಿನ ಮಾಳಿಗೆ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಡ್ಡಿ ಹಾಸಿ ಮಣ್ಣು. ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮೊದಲು ಹಳ್ಳದ ಕಡೆಯಿಂದ ಸವಳು ತಂದು ಮೇಲೆ ಹರವಬೇಕು. ಅದು ಉಪ್ಪು ಕೂಡಿದ ಬಿಳಿ ಮಣ್ಣು, ನೀರನ್ನು ಕೆಳಗೆ ಬಿಡುವುದಿಲ್ಲ. ಆ ಮಣ್ಣಿನ ಬುಟ್ಟಿಗಳನ್ನು ನಿಚ್ಚಣಿಕೆ ಹತ್ತಿ ಹೊರುವವಳು ನನ್ನ ಅಕ್ಕ. ಒಂದು ವರ್ಷ ಅರ್ಧ ಹತ್ತಿದವಳು ಜಾರಿಬಿದ್ದಳು. ಎಡಗೈ ಮುರಿದು ಸೊಟ್ಟಗೆ ಕೂಡಿಕೊಂಡಿತು. ಆ ಪಂಚಮಿಯಲ್ಲಿ ಆಕೆ ಒಂದೇ ಕೈಯಿಂದ ಉಂಡಿ ಒತ್ತುವುದನ್ನು ನೋಡಿ ನಾನು ಮಾತು ಕೊಟ್ಟುಬಿಟ್ಟೆ: ಇನ್ನು ಮೇಲೆ ನೀನು ಮಣ್ಣು ಹೊರಬೇಕಾಗಿಲ್ಲ.

ಮುಸಾಫಿರಖಾನೆಯ ಕೆಲಸದಲ್ಲಿ ಉಳಿದಿದ್ದ ಎರಡು ಪೀಪಾಯಿ ಡಾಂಬರು ಲಿಲಾವಿಗೆ ಬಂದಾಗ ನಾನೇ ಹರಾಜು ಕೂಗಿ ಹಿಡಿದೆ. ಚೈತ್ರದಲ್ಲಿ ಬಂಡಿ ಮಾಡಿಕೊಂಡು ಮಸ್ಕಿಗೆ ಹೋದೆ. ಹಿಂದಿನ ದಿನವಷ್ಟೇ ಅಲ್ಲಿ ಅಕಾಲದ ಮಳೆಯೊಂದು ಬಿದ್ದಿತ್ತು. ಮಾಳಿಗೆಯ ಮಣ್ಣು ಮೇಲೆ ಒಣಗಿದಂತೆ ಕಾಣುತ್ತಿತ್ತು. ನನಗೆ ಇದ್ದದ್ದು ಎರಡು ದಿನದ ರಜೆ. ಅಂಗಳದಲ್ಲಿ ಒಲೆ ಹೂಡಿ ಡಾಂಬರು ಕಾಯಿಸುವಾಗ ನೀಲವ್ವ ಪಡಸಾಲೆಯಿಂದ ಒಂದೇ ಮಾತು ಕೇಳಿದರು:

“ಒಳಗ ಹಸಿ ಇರಬೇಕಲ್ಲಪಾ?”

ಇದು ಸರ್ಕಾರಿ ಮಾಲು, ಹಸಿಗೆಲ್ಲ ಜಗ್ಗುವುದಲ್ಲ ಎಂದು ನಾನು ನಕ್ಕೆ. ಸಂಜೆಯ ಹೊತ್ತಿಗೆ ಮಾಳಿಗೆ ಕರೀ ಎಮ್ಮೆಯ ಬೆನ್ನಿನಂತೆ ಮಿರುಗುತ್ತಿತ್ತು. ಓಣಿಯ ಜನ ನಿಚ್ಚಣಿಕೆ ಹತ್ತಿ ನೋಡಿ ಹೋದರು. ನಾನು ತಲೆಗೆ ರುಮಾಲು ಸುತ್ತಿಕೊಂಡು, ಚಾರ್ ಮಿನಾರ್ ಕಟ್ಟಿಸಿದವನು ನಾನೇ ಎಂಬಂತೆ ನಿಂತಿದ್ದೆ.

ಹಸಿ ಮಣ್ಣಿನ ಮೇಲೆ ಡಾಂಬರು ಹಾಕಿದರೆ ಏನಾಗುತ್ತದೆ ಎಂದು ಈಗ ಹೇಳಬಲ್ಲೆ. ನಮ್ಮ ಕಡೆಯ ವೈಶಾಖದ ಬಿಸಿಲಿಗೆ ಒಳಗಿನ ನೀರು ಆವಿಯಾಗುತ್ತದೆ. ಹೊರಗೆ ಹೋಗಲು ಹಾದಿಯಿಲ್ಲದೆ ಡಾಂಬರನ್ನು ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿಸುತ್ತದೆ. ಉಬ್ಬಿದ್ದು ಒಡೆಯುತ್ತದೆ. ಇಷ್ಟು ನನಗೆ ತಿಳಿಯಲು ಮಿರಗದ ಮಳೆ ಬರಬೇಕಾಯಿತು.

ಸುದ್ದಿ ತಂದವನು ಮಸ್ಕಿಯ ಒಬ್ಬ ಬಂಡಿಯವನು. ನಿಮ್ಮ ಅಕ್ಕನ ಮನೆ ಸೋರುತ್ತಿದೆ, ಮುದುಕಿಯ ಹಾಸಿಗೆ ಮೂರು ಸಲ ಜಾಗ ಬದಲಿಸಿದೆ, ಪೂಜೆಯ ಜಗುಲಿಯ ಮೇಲೆ ಹನಿ ಹಿಡಿಯಲು ಪರಾತ ಇಟ್ಟಿದ್ದಾರೆ ಎಂದ. ಮರುದಿನವೇ ಹೊರಡಬೇಕಿತ್ತು. ನಾನು ಹೊರಡಲಿಲ್ಲ. ಮೊದಲು ಕೆಲಸದ ನೆಪ, ಆಮೇಲೆ ಜ್ವರದ ನೆಪ. ಎರಡೂ ಸುಳ್ಳು. ನೀಲವ್ವನ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ. ನನ್ನಿಂದಾಗಿ ಆ ಮನೆಯಲ್ಲಿ ಅಕ್ಕ ತಲೆ ತಗ್ಗಿಸಿಕೊಂಡು ಓಡಾಡುತ್ತಿರಬೇಕು ಎಂಬ ಯೋಚನೆ ಬಂದರೆ ಅರ್ಧ ಊಟದಲ್ಲೇ ಎದ್ದುಬಿಡುತ್ತಿದ್ದೆ. ಅಷ್ಟಾದರೂ ಹೋಗಲಿಲ್ಲ. ಶ್ರಾವಣ ಬಂತು, ಪಂಚಮಿ ಬಂತು. ಊರಿಗೆ ಊರೇ ಹೆಣ್ಣುಮಕ್ಕಳನ್ನು ಕರೆತಂದು ಜೋಕಾಲಿ ಕಟ್ಟಿತು. ನಾನು ಆ ಮೂರು ದಿನ, ತುರ್ತೇನೂ ಇಲ್ಲದಿದ್ದರೂ, ಊರಾಚೆಯ ರಸ್ತೆಯ ಮೇಲೆ ಹೋಗಿ ಜಲ್ಲಿ ಅಳೆದೆ.

ದಸರೆ ಕಳೆದ ಮೇಲೆ ಅದೇ ಬಂಡಿಯವನು ನೀಲವ್ವನ ಮಾತು ತಂದ: ದಾರೋಗಾ ಬರುತ್ತಾನೋ, ನಾನೇ ಬರಲೋ ಕೇಳಿ ಬಾ. ಆ ಮುದುಕಿ ಬಂಡಿಯಲ್ಲಿ ಕೂತು ನನ್ನ ಬಾಗಿಲಿಗೆ ಬಂದು ಇಳಿಯುವ ಚಿತ್ರ ಕಣ್ಣಿಗೆ ಕಟ್ಟಿತು. ಒಂದು ವಾರ ರಜೆ ಹಾಕಿ, ಅಕ್ಕನನ್ನು ತವರಿಗೆ ಕಳಿಸಿಬಿಡುತ್ತಾರೆಂದೇ ತೀರ್ಮಾನಿಸಿ ಹೊರಟೆ.

ನಾನು ಅಂಗಳಕ್ಕೆ ಕಾಲಿಟ್ಟಾಗ ನೀಲವ್ವ ಕಾಲಿಗೆ ನೀರು ಕೊಡಿಸಿದರು. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಉಗ್ರಾಣ ತೋರಿಸಿದರು. ನೆಲ ಒಣಗಿತ್ತು. ಜೋಳದ ಚೀಲಗಳು ಒಣಗಿದ್ದವು. ಅಡಿಗೆಮನೆಯೂ ಹಾಗೆಯೇ. ಸೋರಿದ್ದು ನಡುಮನೆ ಮತ್ತು ಜಗುಲಿಯ ಮೂಲೆ ಮಾತ್ರ.

“ಅರ್ಧ ಮನಿ ಒಂದು ಹನಿ ಸೋರಿಲ್ಲ,” ಎಂದರು. “ಅಲ್ಲಿ ಮಣ್ಣು ಒಣಗಿತ್ತು, ಇಲ್ಲಿ ಹಸಿ ಇತ್ತು. ನಿನ್ನ ಡಾಂಬರಿಂದು ತಪ್ಪಿಲ್ಲಪಾ. ನಿಂದು ಅವಸರ.”

ನಾನು ಬೈಗುಳಕ್ಕೆ ತಯಾರಾಗಿ ಬಂದಿದ್ದೆ. ಅವರು ಆ ಮಳೆಗಾಲವೆಲ್ಲ ಹಾಸಿಗೆಯ ಮೇಲೆ ಕೂತು ಜಂತಿಗಳನ್ನೇ ನೋಡಿದ್ದರಂತೆ. ಹನಿ ಬೀಳುವ ಜಾಗದ ಮೇಲೆಯೇ ತೂತು ಇರುವುದಿಲ್ಲ, ನೀರು ಜಂತಿ ಹಿಡಿದು ನಾಲ್ಕೈದು ಮೊಳ ನಡೆದು ಬಂದು ಬೀಳುತ್ತದೆ ಎಂದರು. ಹಸಿಯ ಗೆರೆ ಎಲ್ಲಿಂದ ಹೊರಟಿದೆ ಎಂದು ನೋಡಿ ಅಕ್ಕನ ಕೈಯಿಂದ ಅಲ್ಲಲ್ಲಿ ಸುಣ್ಣದ ಬೊಟ್ಟು ಇಡಿಸಿದ್ದರು. ಇಲಾಖೆಯಲ್ಲಿ ಯಾರೂ ನನಗೆ ಕಲಿಸದಿದ್ದದ್ದು ಇದು.

ಆ ಮನೆಯ ಹಿತ್ತಲಲ್ಲಿ ಅರ್ಧ ಪೀಪಾಯಿ ಡಾಂಬರು ಉಳಿದಿತ್ತು. ಈ ಸಲ ಕುರ್ಚಿ ಇರಲಿಲ್ಲ. ಉಬ್ಬಿದ ಕಡೆಯಲ್ಲೆಲ್ಲ ಕುಡಗೋಲಿನಿಂದ ಅಡ್ಡುದ್ದ ಸೀಳಿ, ನಾಲ್ಕು ತುದಿ ಬಿಡಿಸಿ, ಒಳಗಿನ ಮಣ್ಣನ್ನು ಮೂರು ದಿನ ಬಿಸಿಲಿಗೆ ಬಿಟ್ಟೆ. ನೀಲವ್ವ ಬಂದು ಅಂಗೈ ಇಟ್ಟು ನೋಡಿ ಹೂಂ ಎಂದ ಮೇಲೆ ತುದಿಗಳನ್ನು ಮುಚ್ಚಿ, ಡಾಂಬರಿನಲ್ಲಿ ಅದ್ದಿದ ಗೋಣಿತಟ್ಟು ಹೊದಿಸಿ, ಮೇಲೆ ಉಸುಕು ಉದುರಿಸಿದೆ. ಅಂಚಿನ ಮೋಟು ಕೈಪಿಡಿ ಗೋಡೆ ಮತ್ತು ಮಾಳಿಗೆ ಕೂಡುವ ಮೂಲೆಯಲ್ಲಿ ಡಾಂಬರು ಬಿಟ್ಟುಕೊಂಡಿತ್ತು. ಅಲ್ಲಿ ಗಾರೆ ಒತ್ತಿ, ಮೂಲೆಯನ್ನು ದುಂಡಗೆ ಮಾಡಿದೆವು. ಕೊನೆಗೆ ಅವರೇ ಒಂದು ಕೊಡ ನೀರು ಸುರಿಸಿ ಅದು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿದರು. ನಿಂತಲ್ಲಿ ಎತ್ತರ ಮಾಡಿಸಿದರು. ಬಿಸಿಲು ಹೀರದಿರಲಿ ಎಂದು ಮೇಲೆಲ್ಲ ಸುಣ್ಣ ಬಳಿಸಿದರು. ಕರೀ ಎಮ್ಮೆ ಬಿಳೀ ಆಕಳಾಯಿತು.

ಅಕ್ಕ ಈ ದಿನಗಳಲ್ಲೆಲ್ಲ ಊಟಕ್ಕೆ ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ. ಅತ್ತೆ ಏನಾದರೂ ಅಂದರೇ ಎಂದು ಕೇಳಿದೆ. ಇಲ್ಲ ಎಂದಳು. ಭಾವ? ಅವರೂ ಇಲ್ಲ. ಗೋಣಿತಟ್ಟು ಹಿಡಿಯಲು ಮೇಲೆ ಬಂದಿದ್ದವಳನ್ನು ಕಡೆಗೆ ನಾನೇ ತಡೆದೆ. ಮನೆ ಸೋರಿದ್ದಕ್ಕೆ ನಿನಗೆ ಬಹಳ ದುಃಖವಾಗಿರಬೇಕು ಎಂದೆ.

ಅಕ್ಕ ಸೊಟ್ಟ ಕೈಯಿಂದ ತಟ್ಟನ್ನು ನೆಲಕ್ಕೆ ಒತ್ತುತ್ತಲೇ ಇದ್ದಳು.

“ಮನಿ ಸೋರಿದ್ದಕ್ಕ ನಾ ಅತ್ತಿಲ್ಲೋ ತಮ್ಮಾ. ಮಳಿ ಅಂದ್ರ ಸೋರತೈತಿ. ಪಂಚಮಿಗಿ ಗಂಟು ಕಟ್ಟಿಕೊಂಡು ಮೂರು ದಿನ ಕಟ್ಟಿ ಮ್ಯಾಲ ಕುಂತಿದ್ದೆ. ನೀ ಬರಲಿಲ್ಲ. ಕಡೀಗಿ ನಮ್ಮತ್ತಿ ಬಂದು ಗಂಟು ಬಿಚ್ಚಿದರು.”

ನಾನು ಅಲ್ಲಿಯೇ ಆ ಬಿಸಿ ಡಾಂಬರಿನ ಪಕ್ಕದಲ್ಲಿ ಕೂತುಬಿಟ್ಟೆ. ನಾಚಿಕೆಯಾಗಿತ್ತು ಅಕ್ಕಾ, ಮುಖ ತೋರಿಸಲಾಗಲಿಲ್ಲ ಎಂದೆ. ಆಕೆ ಸೆರಗಿನ ತುದಿಯಿಂದ ನನ್ನ ಕೆನ್ನೆಯ ಮೇಲಿನ ಡಾಂಬರು ಒರೆಸಲು ನೋಡಿದಳು. ಅದು ಹೋಗಲಿಲ್ಲ, ಇನ್ನಷ್ಟು ಹರಡಿತು. ಮೊದಲು ಆಕೆ ನಕ್ಕಳು, ಆಮೇಲೆ ನಾನು.

ಆರನೆಯ ದಿನ ಮಧ್ಯಾಹ್ನ ಸ್ವಾತಿ ಮಳೆ ಬಂತು. ಕೈಯಳತೆಯಲ್ಲಿದ್ದ ಎದುರು ಮನೆ ಕಾಣದಂತೆ ಸುರಿಯಿತು. ಭಾವನೂ ಅಂಗಡಿ ಬಿಟ್ಟು ಬಂದ. ನಾಲ್ವರೂ ನಡುಮನೆಯಲ್ಲಿ ಕೂತು ಜಂತಿ ನೋಡುತ್ತಿದ್ದೆವು. ನನ್ನ ಕತ್ತು ನೋಯತೊಡಗಿತು. ಹೊರಗೆ ಮಾಳಿಗೆಯ ಅಂಚಿನ ಕಲ್ಲಿನ ದೋಣಿಯಿಂದ ನೀರು ಅಂಗಳಕ್ಕೆ ಧುಮುಕುತ್ತಿತ್ತು. ಒಳಗೆ ಒಂದು ಹನಿ ಇಲ್ಲ. ಮಳೆ ನಿಂತ ಮೇಲೂ ಯಾರೂ ಏಳಲಿಲ್ಲ. ಕೊನೆಗೆ ನೀಲವ್ವ ಎದ್ದು, ಮೂಲೆಗೆ ಸರಿಸಿದ್ದ ತಮ್ಮ ಹಾಸಿಗೆಯನ್ನು ತಾವೇ ಎಳೆದು ಹಳೆಯ ಜಾಗಕ್ಕೆ ಹಾಕಿಕೊಂಡರು.

“ಗೌರೀ, ನಾಳೆ ನಿನ್ನ ತಮ್ಮನ ಸಂಗಾಟ ಹೋಗಿ ಬಾ,” ಎಂದರು. “ಪಂಚಮಿ ಬಾಕಿ ಐತಿ.”

ಕಾರ್ತಿಕದಲ್ಲಿ ಲಿಂಗಸುಗೂರಿನ ನನ್ನ ಮನೆಯ ಮುಂದೆ ಜೋಕಾಲಿ ಕಟ್ಟಿದ್ದನ್ನು ನೋಡಿ ಓಣಿಯವರು ದಾರೋಗಾನಿಗೆ ತಲೆ ಕೆಟ್ಟಿದೆ ಅಂದರು. ಅಕ್ಕ ಹತ್ತು ದಿನ ಇದ್ದಳು. ಮುಂದೆ ಆಕೆ ಬದುಕಿರುವವರೆಗೆ ಯಾವ ಪಂಚಮಿಗೂ ನಾನು ತಪ್ಪಿಸಿಕೊಳ್ಳಲಿಲ್ಲ. ಆಕೆ ಮಣ್ಣಿನ ಬುಟ್ಟಿ ಹೊತ್ತು ಮತ್ತೆ ನಿಚ್ಚಣಿಕೆ ಹತ್ತಲೂ ಇಲ್ಲ. ವರ್ಷಕ್ಕೊಮ್ಮೆ ಸುಣ್ಣ ಬಳಿದು ದೋಣಿಯ ಬಾಯಿ ಗುಡಿಸಿದರೆ ಸಾಕಾಗುತ್ತಿತ್ತು.

ಇಷ್ಟು ಬರೆಯುವಷ್ಟರಲ್ಲಿ ರಸ್ತೆಯವರು ಊಟಕ್ಕೆ ಕೂತಿದ್ದಾರೆ. ಮಸ್ಕಿಯಲ್ಲಿ ಮೊದಲ ಡಾಂಬರು ಮಾಳಿಗೆ ಮಾಡಿದವನು ನಾನು ಎಂದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಸೋರಿದ ಮಾತನ್ನು, ಕಟ್ಟೆಯ ಮೇಲೆ ಗಂಟಿಟ್ಟುಕೊಂಡು ಕೂತವಳ ಮಾತನ್ನು ಮಾತ್ರ ಇಷ್ಟು ವರ್ಷ ನುಂಗಿಕೊಂಡಿದ್ದೆ. ಈಗ ಚಹಾ ತಂದ ಸೊಸೆಯನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಜಲ್ಲಿ ಅಳೆದದ್ದನ್ನೂ ಬಿಡಲಿಲ್ಲ. ಆಕೆ ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ಆಮೇಲೆ, ಗೌರಮ್ಮ ಅತ್ತಿಯವರು ಹತ್ತು ದಿನ ಇದ್ದಾಗ ಉಂಡಿ ಕಟ್ಟಿದ್ದು ಯಾರ್ರೀ ಮಾಮಾ ಎಂದು ಕೇಳಿದಳು.

“ನಾನೇ,” ಎಂದೆ. ಒಂದೂ ದುಂಡಗೆ ಬಂದಿರಲಿಲ್ಲ.