ಎಡ ಮಗ್ಗುಲು

ನನಗೆ ಬಲ ಮಗ್ಗುಲಾಗಿ ಮಲಗಿ ಅಭ್ಯಾಸವಿಲ್ಲ. ಉಡುಪಿ ಕಡೆಯಿಂದ ಬಂದ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಉಂಡ ಮೇಲೆ ಎಡಕ್ಕೆ ಒರಗಬೇಕು, ಬಲಕ್ಕೆ ಒರಗಿದರೆ ತಿಂದದ್ದು ಅರಗುವುದಿಲ್ಲ ಎಂಬುದು ಅತ್ತೆಯ ಕಾನೂನು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಮಧ್ಯಾಹ್ನ ಮಲಗಿದವರೆಲ್ಲರ ಮುಖವೂ ಒಂದೇ ಕಡೆಗೆ ಇರುತ್ತಿತ್ತು. ನನ್ನ ಎರಡು ಬಸಿರಿನಲ್ಲೂ ಅತ್ತೆ ನನ್ನನ್ನು ಎಡಕ್ಕೇ ಮಲಗಿಸಿದ್ದರು. ಆಗ ಡಾಕ್ಟರೂ ಅದನ್ನೇ ಹೇಳಿದ್ದರಿಂದ ಅವರ ಕಾನೂನಿಗೆ ಮೊಹರು ಬಿದ್ದಂತಾಗಿತ್ತು.

ಎರಡು ಸಾವಿರದ ಹತ್ತರ ಆಚೀಚೆಯ ಒಂದು ಮಳೆಗಾಲ. ದಿನಾ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಠಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ರಬಾಳೆ ದಾಟಿ ಇಳಿದು, ರಿಕ್ಷಾ ಹಿಡಿದು ಮಹಾಪೆಯ ಆಫೀಸು ಸೇರುವವಳು ನಾನು. ಒದ್ದೆ ಬಟ್ಟೆಯಲ್ಲೇ ಏಸಿಯ ಕೆಳಗೆ ಕೂತು ಕೆಲಸ ಮಾಡಿದೆ. ಕೆಮ್ಮಿಗೆ ಶುಂಠಿ ಕಷಾಯ ಸಾಕೆಂದುಕೊಂಡೆ. ಕೊನೆಗೆ ಎಡಗಡೆಯ ಶ್ವಾಸಕೋಶಕ್ಕೆ ನ್ಯುಮೋನಿಯಾ ಹಿಡಿದು, ಕಲ್ಯಾಣದ ಒಂದು ಆಸ್ಪತ್ರೆಯ ಐಸಿಯು ಸೇರಿದೆ.

ಇಕ್ಕಟ್ಟು ಎಂದರೆ ಏನೆಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಲೇಡೀಸ್ ಡಬ್ಬಿಯಲ್ಲಿ, ಮೂವರ ಸೀಟಿನ ತುದಿಗೆ ನಾಲ್ಕನೆಯವಳು ಅಂಟಿಕೊಳ್ಳುವ ಫೋರ್ತ್ ಸೀಟಿನಲ್ಲಿ ಅರ್ಧ ಕೂತು, ಅರ್ಧ ನೇತಾಡಿಕೊಂಡು ವರ್ಷಗಟ್ಟಲೆ ಓಡಾಡಿದವಳು. ಮುಂಬ್ರಾ ಬರುವಷ್ಟರಲ್ಲಿ ಯಾರ ಮೊಣಕೈ ಎಲ್ಲಿ ಚುಚ್ಚುತ್ತದೆ ಎಂದು ಹೇಳಬಲ್ಲವಳು. ಆದರೆ ಆ ಇಕ್ಕಟ್ಟಿನಲ್ಲಿ ಠಾಣೆ ಎಂಬುದೊಂದು ಬರುತ್ತದೆ. ಐಸಿಯುನಲ್ಲಿ ಏನೂ ಬರುತ್ತಿರಲಿಲ್ಲ.

ಮೂಗು ಬಾಯಿ ಎರಡನ್ನೂ ಮುಚ್ಚಿ ಗಾಳಿ ನುಗ್ಗಿಸುವ ಬಿಗಿಯಾದ ಮಾಸ್ಕು. ಒಂದು ಸಲ ಸಿಟ್ಟಿನಿಂದ ಅದನ್ನು ಕಿತ್ತೆಸೆದೆ. ಆಮೇಲೆ ಬಲಗೈಯನ್ನು ಬಟ್ಟೆಯ ಪಟ್ಟಿಯಿಂದ ಮಂಚದ ಬಲಗಡೆಯ ಸರಳಿಗೆ ಕಟ್ಟಿದರು. ಎಡಗೈಗೆ ಸಲೈನು. ತಲೆಯ ಕಡೆ ಮಂಚವನ್ನು ಎತ್ತರಿಸಿ, ನನ್ನನ್ನು ಬಲಕ್ಕೆ ತಿರುಗಿಸಿ, ಹಿಂದಕ್ಕೆ ಹೊರಳದ ಹಾಗೆ ಬೆನ್ನಿಗೆ ದಿಂಬು ಒತ್ತಿದ್ದರು. ಎದುರಿಗೆ ಗೋಡೆ, ಗೋಡೆಯ ಮೇಲೆ ಒಂದು ಸ್ವಿಚ್ ಬೋರ್ಡು. ನಾಡಿ, ರಕ್ತದೊತ್ತಡ, ಆಕ್ಸಿಜನ್ ಎಲ್ಲ ತೋರಿಸುವ ಮಾನಿಟರು ನನ್ನ ಬೆನ್ನ ಹಿಂದೆ. ನನ್ನ ಜೀವದ ಸುದ್ದಿ ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಕಾಣುತ್ತಿತ್ತು.

ಹೀಗೇಕೆ ಮಲಗಿಸಿದ್ದೆಂದು ಬೆಳಗಿನ ರೌಂಡಿನಲ್ಲಿ ಡಾಕ್ಟರು ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ತಿಳಿಸಿದ್ದರು. ರಕ್ತ ಭಾರಕ್ಕೆ ಕೆಳಗೆ ಇಳಿಯುತ್ತದೆ. ಗಾಳಿ ಚೆನ್ನಾಗಿ ಆಡುವ ಶ್ವಾಸಕೋಶ ಕೆಳಗಿದ್ದರೆ ಆ ರಕ್ತಕ್ಕೆ ಆಕ್ಸಿಜನ್ ಸಿಗುತ್ತದೆ. ಕೆಟ್ಟದ್ದು ಕೆಳಗಾದರೆ ರಕ್ತ ಬರಿಗೈಯಲ್ಲಿ ವಾಪಸು. ನನಗೆ ನಮ್ಮ ಬಿಲ್ಡಿಂಗಿನ ನೀರು ನೆನಪಾಯಿತು, ಅದೂ ಕೆಳಗಿನ ಮಾಳಿಗೆಯವರಿಗೇ ಮೊದಲು. ಹೋಗುವಾಗ ಅವರು ಇನ್ನೊಂದು ಮಾತು ಹೇಳಿದರು. ರಾತ್ರಿಯೊಳಗೆ ಆಕ್ಸಿಜನ್ ಮಟ್ಟ ತೊಂಬತ್ತರ ಮೇಲೆ ನಿಲ್ಲದಿದ್ದರೆ ಗಂಟಲಿಗೆ ನಳಿಗೆ ಇಳಿಸಿ ವೆಂಟಿಲೇಟರಿಗೆ ಹಾಕಬೇಕಾಗುತ್ತದೆ. ನಳಿಗೆ ಹಾಕಿಸಿಕೊಂಡ ಹೆಂಗಸೊಬ್ಬಳು ನನ್ನ ಕಾಲ ಕಡೆಯ ಮಂಚದಲ್ಲಿದ್ದಳು. ಅವಳು ಕಣ್ಣು ತೆರೆದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನನಗೆ ಹೆದರಿಕೆಯಾಯಿತು, ಹೇಳಿಕೊಳ್ಳಲು ಬಾಯಿ ಇರಲಿಲ್ಲ.

ಸಂಜೆ ನೋಡಲು ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ನನ್ನ ಗಂಡ ಹೊರಗೆ ನಿಂತು ಅವರಮ್ಮನನ್ನು ಕಳಿಸಿದರು. ಹಸಿರು ಗೌನಿನೊಳಗೆ ಸೀರೆ ತುರುಕಿಕೊಂಡು ಅತ್ತೆ ಬಂದರು. ನನ್ನನ್ನು ಕಂಡವರೇ ಹಣೆ ಚಚ್ಚಿಕೊಂಡರು.

“ಅಯ್ಯೋ, ಇದೆಂತ ಮಲಗಿಸಿದ್ದು ಮಾರಾಯ್ತಿ! ಬಲಕ್ಕೆ! ಹೀಗೆ ಮಲಗಿದ್ರೆ ಉಸಿರು ಹೇಗೆ ಬರ್ತದೆ?”

ಸಿಸ್ಟರು ಬೇರೊಂದು ಮಂಚದ ಪರದೆಯೊಳಗಿದ್ದಳು. ಅತ್ತೆ ದಿಂಬು ತೆಗೆದರು. ಹಿಂದೆ ನಮ್ಮ ಮನೆಯವರು ನಡೆಸುತ್ತಿದ್ದ ಹೋಟೆಲಿಗೆ ಗ್ರೈಂಡರು ಬರುವ ಮೊದಲು ದೋಸೆ ಹಿಟ್ಟು ರುಬ್ಬಿದ ಕೈ ಅದು. ಭುಜಕ್ಕೊಂದು, ಸೊಂಟಕ್ಕೊಂದು ಕೈಹಾಕಿ ನನ್ನನ್ನು ಎಡಕ್ಕೆ ಹೊರಳಿಸಿಯೇ ಬಿಟ್ಟರು. “ನಿನ್ನ ಎರಡು ಬಾಣಂತನ ಮಾಡಿದವಳು ನಾನು. ನಂಗೆ ಗೊತ್ತುಂಟು.”

ಮೊದಲ ಕ್ಷಣ ಹಾಯೆನಿಸಿತು. ಮೈ ತನ್ನ ಜಾಗಕ್ಕೆ ಬಂದಂತಾಯಿತು. ಆಮೇಲೆ ಕಣ್ಣೆತ್ತಿದೆ. ಅತ್ತೆಯ ಭುಜದ ಹಿಂದೆ, ಅಷ್ಟು ದಿನ ಕಾಣದಿದ್ದ ಮಾನಿಟರು. ತೊಂಬತ್ತರ ಮೇಲಿದ್ದ ಆಕ್ಸಿಜನ್ನಿನ ನೀಲಿ ಅಂಕಿ ಎಂಬತ್ತರ ಮನೆಗೆ ಇಳಿಯಿತು, ಮತ್ತೂ ಇಳಿಯಿತು. ಅದರ ಮೇಲಿನ ಹಸಿರು ಅಂಕಿ, ನನ್ನ ನಾಡಿ, ಏರತೊಡಗಿತು. ಮುಂದೆ ಅತ್ತೆಯ ನಗುಮುಖ.

ಹಿಂದಿನ ಸರಳಿಗೆ ಕಟ್ಟಿದ್ದ ಬಲಗೈ ಜಗ್ಗುತ್ತಿತ್ತು. ಎಡಗೈ ಮೈಯಡಿ ಸಿಕ್ಕಿಬಿದ್ದಿತ್ತು. ಮಾಸ್ಕಿನೊಳಗೆ ‘ಅತ್ತೇ’ ಎಂದು ಕೂಗಿದೆ, ಬುಸ್ಸೆಂಬ ಸದ್ದಷ್ಟೇ ಬಂತು. ಮಾನಿಟರು ಕೂಗಿಕೊಂಡಿತು.

“ಅದು ಆಚೆ ಬೆಡ್ಡಿನವರದ್ದು, ನೀನು ಹೆದರ್ಬೇಡ,” ಎಂದು ಅತ್ತೆ ನನ್ನ ಕೆನ್ನೆ ಸವರಿದರು. ನಾನು ತಲೆ ಕೊಡವಿದಷ್ಟೂ ಅವರು ಬಿಗಿಯಾಗಿ ಹಿಡಿದುಕೊಂಡು ದೇವರ ನಾಮ ಹೇಳತೊಡಗಿದರು. ಇಷ್ಟು ಪ್ರೀತಿಯ ಕೈಯಲ್ಲೇ ಸಾಯುತ್ತೇನಲ್ಲ ಎಂದು ನನಗೆ ಅಳು ಬಂತು. ಸಿಟ್ಟೂ ಬಂತು.

“ಆಂಟೀ! ಯೇ ಕ್ಯಾ ಕಿಯಾ ಆಪ್‌ನೇ?” ಸಿಸ್ಟರು ಓಡಿ ಬಂದಳು. ಅತ್ತೆಯನ್ನು ಸರಿಸಿ ನನ್ನನ್ನು ಬಲಕ್ಕೆ ಹೊರಳಿಸಿದಳು. “ಲೆಫ್ಟ್ ಮೇ ಲಂಗ್ ಖರಾಬ್ ಹೈ. ಉಸ್ ಸೈಡ್ ಸುಲಾಯಾ ತೋ ಆಕ್ಸಿಜನ್ ಗಿರೇಗಾ ನಾ!” ಕೆಟ್ಟ ಕಡೆಗೆ ಮಲಗಿಸಿದರೆ ಆಕ್ಸಿಜನ್ ಬೀಳುತ್ತದೆ ಎಂದು ಅತ್ತೆಗೆ ಗದರಿದಳು.

ಮತ್ತೆ ಗೋಡೆ, ಮತ್ತೆ ಸ್ವಿಚ್ ಬೋರ್ಡು. ಬೆನ್ನ ಹಿಂದಿನ ಕೂಗು ಬಹಳ ಹೊತ್ತಿನ ಮೇಲೆ ನಿಂತಿತು. ಆಗ ಅತ್ತೆಯ ದನಿ ಕೇಳಿಸಿತು, ತೀರಾ ಸಣ್ಣಗೆ.

“ನಾನು ಕೊಲ್ತಿದ್ದೆನಾ ಇವಳನ್ನು?”

ಕೇಳಿದ್ದು ಕನ್ನಡದಲ್ಲಿ, ಸಿಸ್ಟರಿಗೆ ಅರ್ಥವಾಗಲಿಲ್ಲ. ಅರ್ಥವಾದ ನನಗೆ ತಿರುಗಿ ಅವರ ಮುಖ ನೋಡಲೂ ಆಗಲಿಲ್ಲ.

ನಳಿಗೆಯ ಅಗತ್ಯ ಬೀಳಲಿಲ್ಲ. ನಾನು ಮನೆಗೆ ಬಂದೆ. ಬಲಗಡೆ ಗೋಡೆಗೆ ತಾಗಿಸಿದ ಮಂಚದಲ್ಲಿ ಮಲಗಿದೆ. ಅತ್ತೆ ಆ ಸಂಜೆಯ ಮಾತೆತ್ತಲಿಲ್ಲ. ಆದರೆ ಮಧ್ಯಾಹ್ನ ಮಲಗುವುದನ್ನೇ ಬಿಟ್ಟರು. ನಾನು ಒರಗಿದೊಡನೆ ಬಸಳೆಯನ್ನೋ ಅಲಸಂಡೆಯನ್ನೋ ಹಿಡಿದು ಬಂದು, ಮಂಚದ ಎಡಗಡೆ ನನ್ನ ಬೆನ್ನಿಗೆ ತಮ್ಮ ಬೆನ್ನು ಒತ್ತಿ ಕೂತು ಬಿಡಿಸುತ್ತಿದ್ದರು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಅತ್ತೆ, ಎಡಕ್ಕೆ ಹೊರಳಲು ಜಾಗವೇ ಇಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ನನಗೆ ತಡೆಯಲಾಗಲಿಲ್ಲ. “ಅತ್ತೇ, ಸ್ವಲ್ಪ ಆಚೆ ಸರೀರಿ. ಎಕ್ಸ್‌ರೇ ಕ್ಲೀನ್ ಉಂಟು. ಹೇಗೆ ಬೇಕಾದ್ರೂ ಮಲಗಬಹುದು ಅಂತ ಡಾಕ್ಟ್ರೇ ಹೇಳಿದ್ದಾರಲ್ಲ.”

ಅವರು ತಿರುಗಲಿಲ್ಲ, ಸೊಪ್ಪು ಬಿಡಿಸುವ ಕೈ ಮಾತ್ರ ನಿಂತಿತು.

“ಡಾಕ್ಟ್ರಿಗೆ ಆಗ್ಬಹುದು. ನನ್ನಿಂದ ನೋಡ್ಲಿಕ್ಕೆ ಆಗುದಿಲ್ಲ ಮಗಾ.”

ನಾನು ಗೋಡೆಗೆ ಮುಖ ಮಾಡಿ ಮಲಗಿದೆ.