ಭಂಡಾರ ಬಿದ್ದ ಪರಮಾಣು

ಕಳೆದ ವಾರ ಪರಮಾಣುವನ್ನು ಕಣ್ಣಾರೆ ಕಂಡೆ. ಅದು ಹಳದಿ ಬಣ್ಣದ್ದು.

ನಗಬೇಡಿ. ಜಮಖಂಡಿಯ ಹೈಸ್ಕೂಲೊಂದರ ಸೈನ್ಸ್ ಕೋಣೆಯಲ್ಲಿ, ಹುಡುಗರ ಜೊತೆ, ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೂತು ನೋಡಿದ್ದೇನೆ. (ಮುಖ್ಯ ಅತಿಥಿಗೆ ವಿಷಯ ತಿಳಿದಿರಬೇಕೆಂಬ ಕಾಯ್ದೆಯನ್ನು ಮುಂಬಯಿ ಸರ್ಕಾರ ಇನ್ನೂ ಮಾಡಿಲ್ಲ.)

ಪರಮಾಣುವನ್ನು ಕಟ್ಟಿದವನು ಕಲ್ಲಪ್ಪ ಮಾಸ್ತರ. ಕುರಿ ಕಾಯುವ ಮನೆತನದಲ್ಲಿ ಬಿ.ಎಸ್ಸಿ. ಮಾಡಿದ ಮೊದಲಿಗ. ನೌಕರಿ ಹಂಗಾಮಿ. ಅಂದು ವಿಜಾಪುರದಿಂದ ಬರುವ ಇನ್ಸ್‌ಪೆಕ್ಟರ್ ಸಾಹೇಬರು ಪಾಠ ನೋಡಿ ತಲೆದೂಗಿದರೆ ಕಾಯಂ. ಇಲ್ಲವಾದರೆ ಮತ್ತೆ ಕುರಿಗಳ ಹಿಂದೆ.

ಬನಹಟ್ಟಿಯ ನೇಕಾರರ ಮನೆಯಿಂದ ತಂದ ಚೂರು ನೂಲನ್ನು ಉಂಡೆ ಸುತ್ತಿದ್ದ. ನಡುವೆ ಆರು ಕೆಂಪು, ಅವು ಪ್ರೋಟಾನು. ಅವುಗಳ ಜೊತೆ ಆರು ಬಿಳಿ, ನ್ಯೂಟ್ರಾನು. ಸುತ್ತಲಿನ ಬಿದಿರ ಬಳೆಗಳ ಮೇಲೆ ಆರು ಕರಿ ಗುಂಡು, ಇಲೆಕ್ಟ್ರಾನು. ಇದು ಇದ್ದಿಲಿನ ಪರಮಾಣುವಂತೆ. (ಅಣು ಎಂದರೆ ಬಾಂಬು ಎಂದಷ್ಟೇ ಬಲ್ಲ ಜವಾನ ಬಾಗಿಲ ಹೊರಗೇ ನಿಂತಿದ್ದ. ನನ್ನ ಕುರ್ಚಿಯೂ ಬಾಗಿಲ ಹತ್ತಿರವೇ ಇತ್ತು, ಕಾಕತಾಳೀಯ.)

ಸಾಹೇಬರಿಗಿಂತ ಮೊದಲು ಬಂದವನು ಕಲ್ಲಪ್ಪನ ತಂದೆ ಮಾಳಪ್ಪ. ಹೆಗಲ ಮೇಲೆ ಕಂಬಳಿ, ಸೊಂಟಕ್ಕೆ ಕುಲದೇವರು ಬೀರಲಿಂಗನ ಭಂಡಾರದ, ಅಂದರೆ ಅರಿಸಿನದ, ಚೀಲ. ತಾನು ಓದಿದ್ದು ಏನೆಂಬುದನ್ನು ಅಪ್ಪ ಒಮ್ಮೆ ನೋಡಲಿ ಎಂದು ಮಗನೇ ಕರೆಸಿದ್ದ.

"ಏನಲೇ ಇದು? ತೊಟ್ಟಿಲಕ್ಕ ಕಟ್ಟೂದಾ?"

"ಪರಮಾಣು ಯಪ್ಪಾ. ಖರೇ ಅಳತಿ ಹಿಡದ್ರ, ಒಳಗಿನ ಉಂಡಿ ಇಲ್ಲಿದ್ರ ಹೊರಗಿನವು ಊರಾಚೆ ಕಬ್ಬಿನ ಹೊಲದಾಗ ಇರಬೇಕ."

"ಮತ್ತ ನಡುವ ಏನೈತಿ?"

"ಏನೂ ಇಲ್ಲ."

"ಏನೂ ಇಲ್ಲದ್ದನ್ನ ಓದಾಕ ಇಷ್ಟ ವರ್ಷ ಹಿಡೀತಾ?"

(ವಿಶ್ವವಿದ್ಯಾಲಯಗಳು ಉತ್ತರಿಸಲಿ.)

ಕಲ್ಲಪ್ಪ ಬಿಡಲಿಲ್ಲ. "ನೀ, ನಾ, ಕುರಿ, ಕಲ್ಲ, ಎಲ್ಲಾ ಇಂಥಾವುಗಳಿಂದನ ಆಗೇತಿ ಯಪ್ಪಾ."

"ಬೀರಲಿಂಗನ ಮೂರ್ತಿ?"

"ಅದೂ."

ಮುದುಕ ಚಪ್ಪಲಿ ಬಿಟ್ಟ. ಚೀಲಕ್ಕೆ ಕೈ ಹಾಕಿದ. "ಬೀರಲಿಂಗಗ ಚಾಂಗಭಲೋ!" ಎಂದು ಕೂಗಿ ಹಿಡಿ ತುಂಬ ಅರಿಸಿನದ ಪುಡಿಯನ್ನು ಪರಮಾಣುವಿನ ಮೇಲೆ ತೂರಿದ. ಕೆಂಪಿಲ್ಲ, ಬಿಳಿಯಿಲ್ಲ, ಕರಿಯಿಲ್ಲ. ಸಕಲವೂ ಹಳದಿ.

ಇನ್ಸ್‌ಪೆಕ್ಟರ್ ಸಾಹೇಬರು ಒಳಗೆ ಬರಲು ಆರಿಸಿಕೊಂಡ ಶುಭಮುಹೂರ್ತ ಅದೇ.

"ಇದೇನ್ರೀ ಮಾಸ್ತರ? ಮೊದಲ ಜಾಡಸ್ರಿ ಅದನ್ನ!"

ಜವಾನ ಅರಿವೆ ಹಿಡಿದು ಬಂದ. ಕಲ್ಲಪ್ಪ ಕೈ ಚಾಚಲಿಲ್ಲ. ದೇವರ ಹೆಸರಲ್ಲಿ ಬಿದ್ದ ಭಂಡಾರವನ್ನು ನಮ್ಮ ಕಡೆ ಯಾರೂ ಜಾಡಿಸುವುದಿಲ್ಲ, ತಾನಾಗಿ ಉದುರಬೇಕು. ಅದೂ ತೂರಿದ ಅಪ್ಪನ ಎದುರು? ಒಂದು ಕಡೆ ಕಾಯಂ ನೌಕರಿ, ಇನ್ನೊಂದು ಕಡೆ ಅಪ್ಪ. ನೀವಾಗಿದ್ದರೆ ಅರಿವೆ ಇಸಿದುಕೊಳ್ಳುತ್ತಿದ್ದಿರೋ ಇಲ್ಲವೋ?

ಮಾಳಪ್ಪನಿಗೂ ಏನೋ ಹೊಳೆಯಿತು. ಮೆಲ್ಲಗೆ ಕೇಳಿದ: "ಕಲ್ಯಾ, ನಾ ಕೆಡಿಸಿದ್ನೇನೋ?"

"ಇಲ್ಲ ಯಪ್ಪಾ," ಎಂದು ಕಲ್ಲಪ್ಪ ಸಾಹೇಬರ ಕಡೆ ತಿರುಗಿದ. "ಸರ್, ಖರೇ ಪರಮಾಣುವಿನಾಗ ಕೆಂಪಿಲ್ಲ, ಕರಿ ಇಲ್ಲ. ಬಣ್ಣ ನನ್ನ ಸುಳ್ಳರೀ. ನಮ್ಮಪ್ಪ ಅದನ್ನ ತಗದಾನ್ರಿ."

"ಹಂಗಾರ ಪ್ರೋಟಾನ್ ಎಷ್ಟ ಅಂತ ಹುಡುಗರಿಗೆ ಹೆಂಗ ತಿಳೀಬೇಕ?"

"ಹೊರಗಿನವನ್ನ ಎಣಿಸ್ಲಿರಿ. ಹೊರಗ ಆರು ಇಲೆಕ್ಟ್ರಾನ್ ಇದ್ರ ಒಳಗ ಪ್ರೋಟಾನೂ ಆರ ಇರಬೇಕ. ಒಳಗ ಉಳದದ್ದು ನ್ಯೂಟ್ರಾನ್."

ಸಾಹೇಬರು ಎಣಿಸಿದರು. ನಾನೂ ಎಣಿಸಿದೆ. ಹಳದಿಯಾಗಿದ್ದರೂ ಲೆಕ್ಕ ತಪ್ಪಿರಲಿಲ್ಲ. ಕೊನೆಗೆ ಸಾಹೇಬರು ಅರಿವೆಯನ್ನು ಹೊರಗೆ ಒಯ್ಯುವಂತೆ ಜವಾನನಿಗೆ ಕೈ ಮಾಡಿ, "ಕಾಯಂ ಮಾಡಾಕ ಬರೀತೇನಿ, ಪಾಠ ಮುಂದುವರಸ್ರಿ," ಎಂದರು.

ಮಾಳಪ್ಪನ ಸಂತೋಷ ಒಂದೇ ದಾರಿ ಬಲ್ಲದು. ಚೀಲಕ್ಕೆ ಮತ್ತೆ ಕೈ ಹೋಯಿತು. ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ, ಏನನ್ನಿಸಿತೋ, ಟೋಪಿ ತೆಗೆದು ತಲೆ ಬಗ್ಗಿಸಿದರು.

ಹೊರಡುವಾಗ ಮುದುಕ ಮಗನ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು: "ನಡುವ ಏನೂ ಇಲ್ಲ ಅಂದಿಲ್ಲಾ, ಅಲ್ಲೀನೂ ಬಿತ್ತೇನೋ ಭಂಡಾರ?"

"ಬಿತ್ತು ಯಪ್ಪಾ."

ಬಿ.ಎಸ್ಸಿ. ಓದಿದವನೇ ಹೇಳಿದ ಮೇಲೆ, ಇಲ್ಲವೆನ್ನಲು ನಾವು ಯಾರು?